ಎರಡು ಪದರಗಳ ನಡುವಿನ ಗೆರೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಜಾಗವಿದೆ. 1788ರಲ್ಲಿ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ ಇಬ್ಬರು ಗೆಳೆಯರನ್ನು ಕರೆದುಕೊಂಡು ದೋಣಿಯಲ್ಲಿ ಅಲ್ಲಿಗೆ ಹೋಗಿದ್ದ. ನೋಡಲು ಅದೇನೂ ಭಾರಿ ಜಾಗವಲ್ಲ. ಕೆಳಗೆ ಬೂದು ಕಲ್ಲಿನ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅವುಗಳ ತಲೆ ಸವೆದುಹೋಗಿದೆ. ಅದರ ಮೇಲೆ ಕೆಂಪು ಮರಳುಗಲ್ಲು ಸ್ವಲ್ಪ ವಾಲಿಕೊಂಡು ಕೂತಿದೆ. ಹತ್ತಿರ ಹೋದರೆ ಕೆಂಪು ಕಲ್ಲಿನ ತಳದಲ್ಲಿ ಬೂದು ಕಲ್ಲಿನ ಚೂರುಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ.

ಆ ಚೂರುಗಳೇ ಸಾಕ್ಷಿ. ಕೆಂಪು ಮರಳು ಬಂದು ಬೀಳುವ ಹೊತ್ತಿಗೆ ಬೂದು ಕಲ್ಲು ಆಗಲೇ ಗಟ್ಟಿಯಾಗಿತ್ತು, ಒಡೆಯುತ್ತಲೂ ಇತ್ತು. ಅಂದರೆ ಸಮುದ್ರದ ತಳದಲ್ಲಿ ಹಾಸಿದ ಕೆಸರು ಕಲ್ಲಾಗಬೇಕು, ಮಡಚಿ ನೆಟ್ಟಗಾಗಬೇಕು, ಬೆಟ್ಟವಾಗಿ ಮೇಲೇಳಬೇಕು, ಮಳೆಗಾಳಿಗೆ ಸವೆಯಬೇಕು. ಆಮೇಲಷ್ಟೇ ಕೆಂಪು ಮರಳಿನ ಸರದಿ. ಬೂದು ಕಲ್ಲಿಗೆ ಈಗ ಸುಮಾರು 43 ಕೋಟಿ ವರ್ಷ, ಕೆಂಪು ಕಲ್ಲಿಗೆ ಸುಮಾರು 37 ಕೋಟಿ. ನಡುವಿನ 6 ಕೋಟಿ ವರ್ಷಕ್ಕೆ ಅಲ್ಲಿ ಇರುವುದು ಬರೀ ಒಂದು ಗೆರೆ. ಭಾರತ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಆಗಿದೆ ಅಷ್ಟೇ!

ಪದರಪದರವಾದ ಬಂಡೆ ಭೂಮಿಯ ಇತಿಹಾಸವನ್ನು ಬರೆದಿಟ್ಟಿದೆ ಅಂತ ಎಲ್ಲರೂ ಹೇಳುತ್ತೇವೆ. ನಿಜ. ಆದರೆ ಬರೆಯದೆ ಬಿಟ್ಟಿದ್ದು, ಬರೆದು ಅಳಿಸಿದ್ದು ಅದಕ್ಕಿಂತ ಜಾಸ್ತಿ ಇರಬಹುದು. ಮರಳೋ ಕೆಸರೋ ಎಲ್ಲ ಕಾಲದಲ್ಲೂ ಒಂದೇ ಸಮನೆ ಬೀಳುವುದಿಲ್ಲ. ಬಿದ್ದಿದ್ದೆಲ್ಲ ಉಳಿಯುವುದೂ ಇಲ್ಲ.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಇಷ್ಟು ಸುಲಭದ ಮಾತು, ಅಲ್ವಾ? ಆದರೂ 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ ಇದನ್ನು ಬಿಡಿಸಿ ಬರೆಯಬೇಕಾಯಿತು. ಪದರಗಳು ಮೊದಲು ಮಟ್ಟಸವಾಗಿ ಹಾಸಿಕೊಳ್ಳುತ್ತವೆ, ಓರೆಯಾಗಿದ್ದರೆ ಆಮೇಲೆ ಏನೋ ಆಗಿದೆ ಎಂದೂ ಆತ ಹೇಳಿದ. ಇದಕ್ಕೆ ಅಪವಾದವೂ ಉಂಟು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಕೊಕೊನಿನೊ ಎಂಬ ಮರಳುಗಲ್ಲಿನಲ್ಲಿ ಓರೆ ಗೆರೆಗಳು ಎದ್ದು ಕಾಣುತ್ತವೆ. ಅದನ್ನು ಯಾವ ಬಲವೂ ಬಾಗಿಸಿಲ್ಲ. ಗಾಳಿ ಕಟ್ಟಿದ ಮರಳುದಿಬ್ಬಗಳ ಇಳಿಜಾರು ಅದು. ಆ ಇಳಿಜಾರಿನಲ್ಲಿ ನಡೆದುಹೋದ ಪ್ರಾಣಿಗಳ ಹೆಜ್ಜೆಗುರುತುಗಳೂ ಕಲ್ಲಾಗಿ ಉಳಿದಿವೆ. ಅದಕ್ಕಿಂತ ಮೇಲೆ, ಪ್ರವಾಸಿಗರು ನಿಲ್ಲುವ ಅಂಚಿನಲ್ಲಿ, ಕೈಬಾಬ್ ಸುಣ್ಣಕಲ್ಲು. ಅದರ ತುಂಬ ಸಮುದ್ರಜೀವಿಗಳ ಚಿಪ್ಪು. ಮರುಭೂಮಿ ಇದ್ದಲ್ಲಿಗೆ ಕಡಲು ಬಂದಿತ್ತು.

ಒಂದು ಮಾತು. ಪದರಗಳು ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಅಂತ ಮಾತ್ರ. ವರ್ಷದ ಲೆಕ್ಕ ಬೇಕಾದರೆ ಸಾಮಾನ್ಯವಾಗಿ ನಡುವೆ ಎಲ್ಲಾದರೂ ಜ್ವಾಲಾಮುಖಿಯ ಬೂದಿ ಸಿಗಬೇಕು. ಅದರಲ್ಲಿರುವ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ವಯಸ್ಸು ತೆಗೆಯುತ್ತಾರೆ.

ನಮ್ಮ ಓದುಗರಲ್ಲಿ ಯಾರಾದರೂ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದರೆ ಬೈನಾಕ್ಯುಲರ್ ಮರೆಯಬೇಡಿ. ನದಿಯ ಹತ್ತಿರ, ಕಡಿದಾದ ಕಪ್ಪು ಕಲ್ಲಿನ ಮೇಲೆ ಕಂದು ಬಣ್ಣದ ಮಟ್ಟಸ ಪದರ ಕಾಣುತ್ತದೆ. ಕಪ್ಪು ಕಲ್ಲು ಸುಮಾರು 170 ಕೋಟಿ ವರ್ಷದ್ದು, ಕಂದು ಮರಳುಗಲ್ಲು ಸುಮಾರು 50 ಕೋಟಿ. ಆದರೆ ಎಲ್ಲ ಕಡೆಯೂ ಹೀಗಿಲ್ಲ. ಅದೇ ಕಣಿವೆಯ ಕೆಲವು ಭಾಗಗಳಲ್ಲಿ ಇವೆರಡರ ಮಧ್ಯೆ ವಾಲಿಕೊಂಡ ಬೇರೆ ಪದರಗಳಿವೆ. ಒಂದು ಕಡೆ ಪೂರ್ತಿ ಅಳಿಸಿಹೋದ ಕಾಲದ ಒಂದಿಷ್ಟು ಪಾಲು ಅಲ್ಲಿ ಉಳಿದುಕೊಂಡಿದೆ.