ಅರ್ಜಿಗೆ ಮೊದಲೇ ಅಚ್ಚಾದ ಚಿಲಕ

ಮಾನ್ಯ ಸಂಪಾದಕರೇ,

ಕಾಲಿನಿಂದ ಒತ್ತಿ ಬಾಗಿಲಿನ ಚಿಲಕ ಬಿಡಿಸುವ ಸಾಧನವೊಂದನ್ನು ಇಬ್ಬರು ವಿದ್ಯಾರ್ಥಿಗಳು ತಯಾರಿಸಿದ ಸುದ್ದಿಯನ್ನು ತಮ್ಮ ಪತ್ರಿಕೆ ಚಿತ್ರಸಹಿತ ದೊಡ್ಡದಾಗಿಯೇ ಪ್ರಕಟಿಸಿತು. ಅದರ ಬೆನ್ನಿಗೇ ಓದುಗರೊಬ್ಬರು ಇದೇ ಅಂಕಣದಲ್ಲಿ, ಪೆಡಲ್ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ ಎಲ್ಲೆಡೆ ಇರುವಾಗ ಇದಕ್ಕೆಂಥ ಪೇಟೆಂಟ್ ಎಂದು ಮೂಗು ಮುರಿದರು. ನಾನು ಬೀಗ, ಚಿಲಕ ತಯಾರಿಸುವ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದು ನಿವೃತ್ತನಾದವನು. ಹೊಸ ಚಿಲಕದ ನಕ್ಷೆಗೆ ಕೈ ಹಾಕುವ ಮುನ್ನ ಹಳೆಯ ಪೇಟೆಂಟ್‌ಗಳನ್ನು ತಿರುವಿ ಹಾಕುವುದು ನನ್ನ ಕೆಲಸದ ಭಾಗವಾಗಿತ್ತು. ಆ ಓದುಗರಿಗೆ ಕೊಡಬೇಕಾದ ಉತ್ತರವೊಂದಿದೆ. ಆದರೆ ನನ್ನ ನಿಜವಾದ ತಕರಾರು ಇರುವುದು ತಾವು ಅಚ್ಚು ಮಾಡಿದ ಛಾಯಾಚಿತ್ರದ ಮೇಲೆ.

ಮೊದಲು ಓದುಗರ ಮಾತು. ಕಾಲಿನಿಂದ ಬಾಗಿಲು ತೆರೆಯಬೇಕು ಎಂಬ ಬಯಕೆಗೆ ಯಾರೂ ಪೇಟೆಂಟ್ ಕೊಡುವುದಿಲ್ಲ, ಕೊಡಲೂ ಬಾರದು. ಪೆಡಲ್ ಇರುವ ಕಸದ ಡಬ್ಬಿಯ ಕಲ್ಪನೆಯ ಶ್ರೇಯಸ್ಸನ್ನು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ ಅವರಿಗೆ ಕೊಡುವುದು ವಾಡಿಕೆ. ಅದು ಕಳೆದ ಶತಮಾನದ ಮಾತು. ಕೈ ತಾಗಿಸದೆ ಚಿಲಕ ಬಿಡಿಸುವುದು ಅದಕ್ಕಿಂತಲೂ ಹಳೆಯದು. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ, ಬೋಲ್ಟ್ ಹಾಕಿದ್ದ ಬಾಗಿಲ ಬಳಿ ನೂಕುನುಗ್ಗಲಾಗಿ 183 ಮಕ್ಕಳು ಸತ್ತರು. ಆ ದುರಂತದ ನಂತರ ರಾಬರ್ಟ್ ಬ್ರಿಗ್ಸ್ ಎಂಬವರು, ಒಳಗಿನಿಂದ ಮೈ ಒತ್ತಿದರೆ ಸಾಕು ತೆರೆದುಕೊಳ್ಳುವ ಬೋಲ್ಟ್ ರೂಪಿಸಿ 1892ರಲ್ಲಿ ಪೇಟೆಂಟ್ ಪಡೆದರು. ಇಷ್ಟರ ಮಟ್ಟಿಗೆ ಓದುಗರ ಮಾತು ಸರಿ.

ಆದರೆ ಕಸದ ಡಬ್ಬಿಗೆ ಚಿಲಕವಿಲ್ಲ. ಕಷ್ಟವಿರುವುದೇ ಅಲ್ಲಿ. ಬಾಗಿಲಿನ ಹಿಡಿಯನ್ನು ತಿರುಗಿಸಿದಾಗ ಒಳಗಿನ ಚೌಕ ಸರಳು ತಿರುಗಿ, ಸ್ಪ್ರಿಂಗ್‌ಗೆ ಎದುರಾಗಿ ಚಿಲಕದ ನಾಲಿಗೆಯನ್ನು ಒಳಕ್ಕೆ ಎಳೆಯುತ್ತದೆ. ಹಾಗೆ ಎಳೆದು ಹಿಡಿದ ಕೈಯೇ ಕದವನ್ನೂ ನಮ್ಮತ್ತ ಎಳೆಯುತ್ತದೆ. ಕಾಲಿಗೆ ಈ ಎರಡು ಕೆಲಸವನ್ನು ಒಟ್ಟಿಗೆ ಮಾಡಲಾಗದು. ಪೆಡಲ್ ಅನ್ನು ಕೆಳಕ್ಕೆ ಒತ್ತಿ ಹಿಡಿದ ಕಾಲು ಕದವನ್ನೂ ಅಲ್ಲೇ ಅದುಮಿ ನಿಲ್ಲಿಸುತ್ತದೆ. ಕದ ಎಳೆಯಲೆಂದು ಕಾಲೆತ್ತಿದಿರೋ, ನಾಲಿಗೆ ಚೌಕಟ್ಟಿನ ತೂತಿಗೆ ಮರಳಿ ಹೊಕ್ಕು ಬಾಗಿಲು ಮತ್ತೆ ಹಾಕಿಕೊಳ್ಳುತ್ತದೆ. 2020ರ ಕೋವಿಡ್ ದಿನಗಳಲ್ಲಿ ಕದಗಳ ಬುಡಕ್ಕೆ ಲೋಹದ ಕೊಕ್ಕೆ ಜಡಿದು ಪಾದದಿಂದ ಎಳೆಯುವ ಏರ್ಪಾಟು ಹಲವು ಕಡೆ ಬಂತು. ನಾಲಿಗೆ ಕಚ್ಚಿಕೊಂಡ ಬಾಗಿಲಿನ ಮುಂದೆ ಅದು ನಿರುಪಯೋಗಿ. ಹೊರಕ್ಕೆ ತಳ್ಳುವ ಬಾಗಿಲಾದರೆ ಪೆಡಲ್‌ಗೂ ನಾಲಿಗೆಗೂ ಒಂದು ಸರಳು ಕಟ್ಟಿದರೆ ಮುಗಿಯಿತು, ಅದು ಯಾವ ಕುಶಲಕರ್ಮಿಗಾದರೂ ಹೊಳೆಯುತ್ತದೆ. ತನ್ನತ್ತ ಎಳೆಯುವ ಬಾಗಿಲೇ ನಿಜವಾದ ಪರೀಕ್ಷೆ.

ಆ ವಿದ್ಯಾರ್ಥಿಗಳು ಈ ಗಂಟನ್ನು ಬಿಡಿಸಿದ್ದಾರೆ. ಪೆಡಲ್ ಒತ್ತಿದಾಗ ನಾಲಿಗೆ ಒಳಗೆ ಸರಿಯುತ್ತಲೇ ಅದರ ಬಾಲದಲ್ಲಿರುವ ಕಚ್ಚಿಗೆ ಒಂದು ಸಣ್ಣ ಕೊಂಡಿ ಬಿದ್ದು ಅದನ್ನು ಒಳಗೇ ಹಿಡಿದಿಡುತ್ತದೆ. ಈಗ ಕಾಲೆತ್ತಿ, ಅದೇ ಪೆಡಲ್‌ನ ಅಡಿಗೆ ಪಾದದ ತುದಿಯನ್ನು ಸಿಕ್ಕಿಸಿ ಆರಾಮವಾಗಿ ಕದ ಎಳೆಯಬಹುದು. ಬಾಗಿಲು ಹಾಕಿರುವಷ್ಟು ಹೊತ್ತು ಚೌಕಟ್ಟಿಗೆ ತಾಗಿ ಅದುಮಿಕೊಂಡಿದ್ದ ಇನ್ನೊಂದು ಚಿಕ್ಕ ಮೊಳೆ, ಕದ ಸರಿದೊಡನೆ ಹೊರಕ್ಕೆ ಪುಟಿದು ಕೊಂಡಿಯನ್ನು ಎತ್ತುತ್ತದೆ. ನಾಲಿಗೆ ಹೊರಬಂದು, ಮುಂದಿನ ಸಲ ಬಾಗಿಲು ತಾನಾಗಿ ಹಾಕಿಕೊಳ್ಳಲು ಸಿದ್ಧವಾಗಿ ನಿಲ್ಲುತ್ತದೆ. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ನೋಡಿ ನನಗೆ ಖುಷಿಯಾಯಿತು. ಮಕ್ಕಳು ಪೆಡಲ್ ತುಳಿದು ಆಡುವುದನ್ನು ತಡೆಯುವುದು ಹೇಗೆ, ಬೆಂಕಿ ತಡೆಯುವ ಕದದಲ್ಲಿ ಇದಕ್ಕಾಗಿ ತೂತು ಕೊರೆಯಬಹುದೇ ಎಂದೆಲ್ಲ ಕೇಳಬಹುದು. ಆದರೆ ಅವು ಮಾರಾಟಕ್ಕೆ ಮುನ್ನ ಬರುವ ಪ್ರಶ್ನೆಗಳು, ಪೇಟೆಂಟ್‌ನವಲ್ಲ.

ಇದಕ್ಕೆ ಪೇಟೆಂಟ್ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಚೌಕಟ್ಟಿಗೆ ತಾಗುವ ಮೊಳೆ, ತಾನಾಗಿ ಬೀಗ ಬೀಳುವ ಕೆಲವು ಬಾಗಿಲುಗಳಲ್ಲಿ ಮೊದಲಿನಿಂದಲೂ ಇದೆ. ಕಚ್ಚಿಗೆ ಬೀಳುವ ಕೊಂಡಿಯೂ ಹೊಸದಲ್ಲ. ತಮ್ಮ ಪಾಡಿಗೆ ತಾವು ಹಳೆಯ ರೀತಿಯಲ್ಲೇ ಕೆಲಸ ಮಾಡುವ ಗೊತ್ತಿರುವ ಸಾಧನಗಳನ್ನು ಬರಿದೇ ಒಟ್ಟಿಗೆ ಜೋಡಿಸಿದರೆ ಅದು ಆವಿಷ್ಕಾರವಲ್ಲ ಎಂದು ಭಾರತದ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಬೇರೆ ದೇಶಗಳಲ್ಲೂ ನ್ಯಾಯಾಲಯಗಳು ಈ ವಿಷಯದಲ್ಲಿ ಸಡಿಲವಾಗಿಲ್ಲ. ಕಾಕತಾಳೀಯವೋ ಏನೋ, ಅಮೆರಿಕದ ಸುಪ್ರೀಂ ಕೋರ್ಟ್ ಈ ಬಗ್ಗೆ ಕೊಟ್ಟ ಎರಡು ದೊಡ್ಡ ತೀರ್ಪುಗಳಲ್ಲಿ ಒಂದು ಬಾಗಿಲಿನ ಹಿಡಿಯದ್ದು, ಇನ್ನೊಂದು ಪೆಡಲ್‌ನದು. 1851ರಲ್ಲಿ, ಲೋಹ ಅಥವಾ ಮರದ ಬದಲು ಪಿಂಗಾಣಿಯಲ್ಲಿ ಹಿಡಿ ಮಾಡಿದ್ದು ನುರಿತ ಕೆಲಸಗಾರನ ಕೈಚಳಕವೇ ಹೊರತು ಆವಿಷ್ಕಾರವಲ್ಲ ಎಂದಿತು. 2007ರಲ್ಲಿ, ಹಿಂದುಮುಂದು ಸರಿಸಬಹುದಾದ ಕಾರಿನ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಕೂಡಿಸಿದ್ದಕ್ಕೆ ಕೊಟ್ಟಿದ್ದ ಪೇಟೆಂಟಿನ ಕ್ಲೇಮ್ (ಯಾವುದರ ಮೇಲೆ ಹಕ್ಕು ಎಂದು ಹೇಳುವ ಭಾಗ) ನಿಲ್ಲದು ಎಂದು ಒಮ್ಮತದಿಂದ ತೀರ್ಪಿತ್ತಿತು. ಹಾಗಾಗಿ ಅರ್ಜಿಯಲ್ಲಿ 'ಕಾಲಿನಿಂದ ತೆರೆಯುವ ಬಾಗಿಲು' ಎಂದು ಬರೆದರೆ ಮೊದಲ ಸುತ್ತಿನಲ್ಲೇ ಬೀಳುತ್ತಾರೆ. ಕೊಂಡಿ, ಮೊಳೆ, ಪೆಡಲ್ ಮೂರೂ ಒಂದನ್ನೊಂದು ಅವಲಂಬಿಸಿ ಎಳೆಯುವ ಬಾಗಿಲಿನ ತೊಡಕನ್ನು ಹೇಗೆ ನೀಗಿಸುತ್ತವೆ ಎಂಬುದನ್ನು ಕ್ಲೇಮ್‌ನಲ್ಲಿ ಹಿಡಿದಿಟ್ಟರೆ ವಾದಿಸಲು ನೆಲೆ ಇದೆ. ನಾನಾಗಿದ್ದರೆ ಅರ್ಜಿ ಹಾಕುತ್ತಿದ್ದೆ.

ಈಗ ಛಾಯಾಚಿತ್ರದ ವಿಷಯ. ಮೇಲೆ ನಾನು ಬರೆದ ವಿವರಣೆಯೆಲ್ಲ ಎಲ್ಲಿಂದ ಬಂತು? ಆ ವಿದ್ಯಾರ್ಥಿಗಳನ್ನು ನಾನು ಕಂಡಿಲ್ಲ, ಅವರ ಸಾಧನವನ್ನು ಮುಟ್ಟಿಲ್ಲ. ಎಲ್ಲವೂ ತಮ್ಮ ಪತ್ರಿಕೆಯಿಂದಲೇ. ತಗಡಿನ ಮುಚ್ಚಳ ಬಿಚ್ಚಿಟ್ಟು, ಕೊಂಡಿಯ ಬಾಗು, ಕಚ್ಚಿನ ಇಳಿಜಾರು, ಮೊಳೆಯ ಸ್ಪ್ರಿಂಗ್ ಎಲ್ಲವೂ ನಿಚ್ಚಳವಾಗಿ ಕಾಣುವಂತೆ ತೆಗೆದ ಚಿತ್ರ. ಪಕ್ಕದಲ್ಲಿ ಬಾಣದ ಗುರುತು ಹಾಕಿ ಕೆಲಸದ ವಿವರ. ಅದನ್ನಿಟ್ಟುಕೊಂಡು ಯಾವ ಫಿಟ್ಟರ್ ಬೇಕಾದರೂ ಇದನ್ನು ಮಾಡಿಕೊಡಬಲ್ಲ. ವರದಿಯ ಕೊನೆಯಲ್ಲಿ, ವಿದ್ಯಾರ್ಥಿಗಳು ಸದ್ಯದಲ್ಲೇ ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಿದ್ದಾರೆ ಎಂಬ ಸಾಲು. ಅದನ್ನು ಓದಿ ಎದೆ ಧಸಕ್ಕೆಂದಿತು.

ಅರ್ಜಿಯ ದಿನಾಂಕಕ್ಕೆ ಮುಂಚೆ ಜಗತ್ತಿನ ಯಾವುದೇ ಮೂಲೆಯಲ್ಲಿ ಪ್ರಕಟವಾದದ್ದು ಪೇಟೆಂಟ್‌ಗೆ ಬೇಕಾದ ಹೊಸತನಕ್ಕೆ ಕುತ್ತು. ಪ್ರಕಟಿಸಿದವರು ಸ್ವತಃ ಸಂಶೋಧಕರೇ ಆದರೂ, ಯಾವ ಭಾಷೆಯಲ್ಲಿದ್ದರೂ ಅಷ್ಟೇ. ಅಮೆರಿಕ, ಜಪಾನ್‌ಗಳಲ್ಲಿ ಸಂಶೋಧಕರದೇ ಪ್ರಕಟಣೆಗೆ ಒಂದು ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಯಾರಾದರೂ ದುರುದ್ದೇಶದಿಂದ ಬಯಲು ಮಾಡಿದ್ದರೆ ಅಥವಾ ಅಧಿಕೃತ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಇಟ್ಟಿದ್ದರೆ ಮಾತ್ರ ಆರು ತಿಂಗಳು. ಭಾರತದ ಕಾಯ್ದೆಯ 31ನೇ ಸೆಕ್ಷನ್ ಸರ್ಕಾರ ಅಧಿಸೂಚಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಸ್ಥೆಯಲ್ಲಿ ಮಂಡಿಸಿದ ಪ್ರಬಂಧಕ್ಕೆ 12 ತಿಂಗಳು ಕೊಡುತ್ತದೆ. ಸಂಶೋಧಕರೇ ಸಂತೋಷದಿಂದ ನಿಂತು ತೆಗೆಸಿಕೊಂಡ ಪತ್ರಿಕಾ ಚಿತ್ರ ಆ ಪಟ್ಟಿಯಲ್ಲಿಲ್ಲ.

ಅಚ್ಚಾಗಬೇಕೆಂದೂ ಇಲ್ಲ. ಹಾಯಿಹಲಗೆಯ (ಹಾಯಿ ಕಟ್ಟಿ ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಹಲಗೆ) ಪೇಟೆಂಟೊಂದು 1980ರ ದಶಕದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋದದ್ದಕ್ಕೆ ಒಂದು ಮುಖ್ಯ ಕಾರಣ, 1958ರಲ್ಲಿ 12 ವರ್ಷದ ಹುಡುಗನೊಬ್ಬ ತಾನೇ ಮಾಡಿಕೊಂಡ ಅಂಥದೇ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಸಮುದ್ರದಲ್ಲಿ ಆಡಿದ್ದು. ಇನ್ನೂ ಸ್ವಾರಸ್ಯದ್ದೆಂದರೆ 1881ರ ಅಮೆರಿಕದ ಮೊಕದ್ದಮೆ. ಒಬ್ಬಾತ ಹೆಂಗಸರ ನಡುಕಟ್ಟಿಗೆ (ಕಾರ್ಸೆಟ್) ಉಕ್ಕಿನ ಪಟ್ಟಿ ರೂಪಿಸಿ, ಅರ್ಜಿ ಹಾಕುವುದಕ್ಕೆ ಎಷ್ಟೋ ವರ್ಷ ಮುಂಚೆ ಗೆಳತಿಗೆ ಕೊಟ್ಟಿದ್ದ. ಬಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಇದ್ದ ಆ ಪಟ್ಟಿಯನ್ನೂ ಸುಪ್ರೀಂ ಕೋರ್ಟ್ ಸಾರ್ವಜನಿಕ ಬಳಕೆ ಎಂದೇ ಎಣಿಸಿತು! ಅಂಥದರಲ್ಲಿ ಪತ್ರಿಕೆಯ ಪುಟದ ಪಾಡೇನು?

ವರದಿಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಎಳೆಯರ ಕೆಲಸವನ್ನು ನಾಲ್ಕು ಜನಕ್ಕೆ ತೋರಿಸುವ ಹುಮ್ಮಸ್ಸು ಒಳ್ಳೆಯದೇ. ಆದರೆ ಇಂಥ ಸುದ್ದಿ ಬರೆಯುವಾಗ ಅರ್ಜಿ ಸಲ್ಲಿಸಿ ಆಗಿದೆಯೇ ಎಂದು ಮೊದಲೇ ಕೇಳಬೇಕು, ಇಲ್ಲ ಎಂದರೆ ಮುಚ್ಚಳ ಹಾಕಿದ ಚಿತ್ರವನ್ನಷ್ಟೇ ತೆಗೆಯಬೇಕು ಎಂಬ ನಿಯಮವೊಂದು ತಮ್ಮ ಸಂಪಾದಕೀಯ ವಿಭಾಗದಲ್ಲಿರಲಿ ಎಂದು ಕೋರುತ್ತೇನೆ. ಹೊರಗಿನಿಂದ ಪೆಡಲ್ ಒಂದೇ ಕಂಡರೆ ಒಳಗಿನ ಕೊಂಡಿಯ ಗುಟ್ಟು ಹೊರಬೀಳುವುದಿಲ್ಲ. ಓದುಗನಿಗೂ ಪೆಡಲ್ ಮೇಲಿನ ಪಾದ, ಅರೆತೆರೆದ ಬಾಗಿಲು ಇಷ್ಟೇ ಸಾಕು. ಹಲವು ದೇಶಗಳಲ್ಲಿ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕ ಕಾಯ್ದಿರಿಸಿಕೊಂಡು, ಪೂರ್ಣ ವಿವರಕ್ಕೆ 12 ತಿಂಗಳು ತೆಗೆದುಕೊಳ್ಳಬಹುದು. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಬೇರೆ ಸದಸ್ಯ ದೇಶಗಳಿಗೂ ಅದೇ ದಿನಾಂಕ ಹಿಡಿದು 12 ತಿಂಗಳೊಳಗೆ ಹೋಗಬಹುದು. ಅರ್ಜಿ ಒಳಗೆ ಹೋದ ಮರುದಿನ ಬೇಕಾದರೆ ಮುಖಪುಟದಲ್ಲೇ ಹಾಕಿ, ಅದರಲ್ಲಿ ಹೇಳಿರುವುದಕ್ಕೆ ಧಕ್ಕೆಯಿಲ್ಲ.

ಆ ವಿದ್ಯಾರ್ಥಿಗಳು ವರದಿಗೆ ಮೊದಲೇ ಅರ್ಜಿ ಹಾಕಿದ್ದರೆ ನಾನು ಇಷ್ಟು ಬರೆದದ್ದು ವ್ಯರ್ಥ. ಹಾಗಾಗಿರಲಿ ಎಂದೇ ಹಾರೈಸುತ್ತೇನೆ. ಹಾಕಿಲ್ಲದಿದ್ದರೆ, ವಿನಾಯಿತಿ ಇರುವ ದೇಶಗಳ ಮಟ್ಟಿಗೆ ಪತ್ರಿಕೆಯ ದಿನಾಂಕದಿಂದ ಲೆಕ್ಕ ಶುರುವಾಗಿದೆ. ಉಳಿದ ಕಡೆಗಳಿಗೆ, ಚಿತ್ರದಲ್ಲಿ ಬಾರದ ಸುಧಾರಣೆ ಏನಾದರೂ ಅವರ ಬಳಿ ಇರಬಹುದು. ಕದಕ್ಕೂ ಚೌಕಟ್ಟಿಗೂ ನಡುವಿನ ಸಂದು ಹೆಚ್ಚುಕಡಿಮೆಯಾದರೂ ಮೊಳೆ ಸರಿಯಾದ ಗಳಿಗೆಗೆ ಪುಟಿಯುವಂತೆ ಹೊಂದಿಸುವುದು ಹೇಗೆ ಎಂಬುದು ಚಿತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅದಕ್ಕೆ ಉತ್ತರ ಅವರಲ್ಲಿದ್ದರೆ ಅದನ್ನು ಯಾರಿಗೂ ತೋರಿಸದೆ ಪೇಟೆಂಟ್ ಏಜೆಂಟರೊಬ್ಬರ ಬಳಿ ಒಯ್ಯಲಿ. ಅವರ ವಿಳಾಸ ತಮ್ಮ ವರದಿಗಾರರ ಬಳಿ ಇದ್ದೇ ಇರುತ್ತದೆ. ಈ ಪತ್ರವನ್ನು ತಾವು ಪ್ರಕಟಿಸುವವರೆಗೆ ಕಾಯದೆ, ಮೊದಲು ಅವರಿಗೊಂದು ಫೋನ್ ಮಾಡಿಸಿದರೆ ಉಪಕಾರವಾಗುತ್ತದೆ.

— ಚಿಲಕಗಳ ನಿವೃತ್ತ ನಕ್ಷೆಗಾರ