ಪ್ಯಾರಿಷ್ ಹುದ್ದೆಯಿಂದ ಮತವನ್ನು ನಿರ್ಣಯಿಸಲಾಗದು

ಮಾನ್ಯ ಸಂಪಾದಕರೆ,

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಚರ್ಚ್ ದಾಖಲೆಗಳ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಪುಸ್ತಕದಲ್ಲಿ ವಾರ್ಡನ್ (ಚರ್ಚಿನ ಮೇಲ್ವಿಚಾರಕ), ಗುಮಾಸ್ತ, ಸೆಕ್ಸ್‌ಟನ್ (ಚರ್ಚ್ ಆವರಣದ ಕೆಲಸಗಾರ) ಎಂದು ಯಾರ ಹೆಸರು ಬಂದಿದ್ದರೂ ಅವರು ಆ ಚರ್ಚಿನ ಮತಕ್ಕೇ ಸೇರಿದವರೆಂದು ತಿಳಿಯಬಹುದು ಎಂಬ ಅದರ ಮಾತನ್ನು ಮಾತ್ರ ಒಪ್ಪಲಾಗದು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಸ್ಥಳೀಯ ಇತಿಹಾಸಕ್ಕಾಗಿ ದೇವಸ್ಥಾನ ಮತ್ತು ಇಗರ್ಜಿಗಳ ಹಳೆಯ ಕಡತಗಳನ್ನು ಓದುತ್ತಿರುವ ವಿದ್ಯಾರ್ಥಿಗಳು ಇದೇ ಸೂತ್ರವನ್ನು ಹಿಡಿದಾರು ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

1861ರ ಜನಗಣತಿಯ ಪ್ರಕಾರ ಐರ್ಲೆಂಡಿನ ಸುಮಾರು 58 ಲಕ್ಷ ಜನರಲ್ಲಿ 45 ಲಕ್ಷದಷ್ಟು ಮಂದಿ ಕ್ಯಾಥೊಲಿಕರಾಗಿದ್ದರು. ರಾಜ್ಯದ ಅಧಿಕೃತ ಚರ್ಚ್ ಆಗಿದ್ದ, ಪ್ರಾಟೆಸ್ಟಂಟ್ ಪಂಥದ ಚರ್ಚ್ ಆಫ್ ಐರ್ಲೆಂಡಿಗೆ ಸೇರಿದವರು ಏಳು ಲಕ್ಷಕ್ಕಿಂತ ತುಸು ಕಡಿಮೆ. ಹೀಗಿದ್ದರೂ ಆ ಚರ್ಚಿನ ಪ್ಯಾರಿಷ್ ಎಂಬುದು ಪೂಜೆಯ ಘಟಕವಷ್ಟೇ ಆಗಿರದೆ ಊರಿನ ಆಡಳಿತದ ಘಟಕವೂ ಆಗಿತ್ತು. ವೆಸ್ಟ್ರಿ ಎಂದು ಕರೆಯಲಾಗುತ್ತಿದ್ದ ಪ್ಯಾರಿಷ್ ಸಭೆ ತೆರಿಗೆ ಹಾಕುತ್ತಿತ್ತು, ಬೀದಿಯಲ್ಲಿ ಬಿಟ್ಟುಹೋದ ಕೂಸುಗಳ ಪೋಷಣೆಗೆ ಹಣ ಕೂಡಿಸುತ್ತಿತ್ತು, ಟೈಫಸ್ ಜ್ವರದ ಹಾವಳಿಯ ನಂತರ 1819ರಲ್ಲಿ ಬಂದ ಕಾಯಿದೆಯಂತೆ ಆರೋಗ್ಯಾಧಿಕಾರಿಗಳನ್ನೂ ನೇಮಿಸುತ್ತಿತ್ತು. ಆ ತೆರಿಗೆಯ ಭಾರ ಕ್ಯಾಥೊಲಿಕರ ಮೇಲೂ ಮತ್ತೊಂದು ಪ್ರಾಟೆಸ್ಟಂಟ್ ಪಂಥದವರಾದ ಪ್ರೆಸ್ಬಿಟೇರಿಯನ್ನರ ಮೇಲೂ ಬೀಳುತ್ತಿತ್ತು. ಚರ್ಚ್ ಕಟ್ಟಡದ ದುರಸ್ತಿಯ ವಿಷಯ ಬಂದಾಗ ಕ್ಯಾಥೊಲಿಕರಿಗೆ ಮತ ಹಾಕುವ ಹಕ್ಕಿರಲಿಲ್ಲವಾದರೂ, ಉಳಿದ ಊರ ಕೆಲಸಗಳ ಚರ್ಚೆಯಲ್ಲಿ ಅವರು ಕೂರುತ್ತಿದ್ದರು. ಇಂಥ ಸಭೆಯ ನಡಾವಳಿಯಲ್ಲಿ ಒಂದು ಸಹಿ ಸಿಕ್ಕ ಮಾತ್ರಕ್ಕೆ ಸಹಿ ಮಾಡಿದವನ ಮತ ಗೊತ್ತಾಯಿತೆನ್ನುವುದು ಹೇಗೆ?

ಹುದ್ದೆಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಪ್ಯಾರಿಷ್ ಗುಮಾಸ್ತ ಆರಾಧನೆಯ ವೇಳೆ ಸಭೆಯ ಪರವಾಗಿ ಪ್ರತಿವಚನ ಹೇಳುತ್ತಿದ್ದವನು. ಅವನು ಆ ಚರ್ಚಿನವನೇ ಎಂದು ಭಾವಿಸಲು ಬಲವಾದ ಕಾರಣವಿದೆ. ಗಂಟೆ ಬಾರಿಸಿ, ಕಸ ಗುಡಿಸಿ, ಗೋರಿ ತೋಡುತ್ತಿದ್ದ ಸೆಕ್ಸ್‌ಟನ್‌ನ ವಿಷಯದಲ್ಲಿ ಅಷ್ಟು ಬಲವಾದ ಕಾರಣವಿಲ್ಲ, ಏಕೆಂದರೆ ಅದು ಕೂಲಿಯ ಕೆಲಸ. ಆದರೂ ಅವನನ್ನು ಬರಿಯ ಕೂಲಿಯವನೆಂದು ಬದಿಗೆ ಸರಿಸುವಂತಿಲ್ಲ. ಹಳೆಯ ಸ್ಮಶಾನಗಳು ಅಧಿಕೃತ ಚರ್ಚಿನ ವಶದಲ್ಲಿದ್ದುದರಿಂದ ಕ್ಯಾಥೊಲಿಕರು ತಮ್ಮ ಹಿರಿಯರನ್ನು ಹೂಳಿದ ನೆಲದಲ್ಲೇ ತಮ್ಮವರನ್ನು ಹೂಳಲು ಅಲ್ಲಿಗೇ ಬರಬೇಕಾಗಿತ್ತು. 1823ರಲ್ಲಿ ಡಬ್ಲಿನ್ನಿನ ಸೇಂಟ್ ಕೆವಿನ್ ಚರ್ಚಿನ ಅಂಗಳದಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬರು ಶವಸಂಸ್ಕಾರದ ಪ್ರಾರ್ಥನೆ ಹೇಳತೊಡಗಿದಾಗ ಅವರನ್ನು ತಡೆದವನು ಅಲ್ಲಿನ ಸೆಕ್ಸ್‌ಟನ್. ಆ ಒಂದು ತಡೆಯಿಂದ ದೇಶವೇ ಕೆರಳಿತು. ಮರುವರ್ಷ ಸಮಾಧಿ ಕಾಯಿದೆ ಬಂತು, ಕ್ಯಾಥೊಲಿಕರ ನಾಯಕ ಡೇನಿಯಲ್ ಒಕಾನೆಲ್‌ರ ಪ್ರಯತ್ನದ ಫಲವಾಗಿ 1832ರಲ್ಲಿ ಎಲ್ಲ ಮತದವರಿಗೂ ತೆರೆದ ಗ್ಲಾಸ್ನೆವಿನ್ ಸ್ಮಶಾನ ಆರಂಭವಾಯಿತು. ಸೆಕ್ಸ್‌ಟನ್ ಯಾವ ಮತದವನು, ಯಾರ ಅಪ್ಪಣೆಯಂತೆ ನಡೆದವನು ಎಂಬ ಪ್ರಶ್ನೆ ಸತ್ತವರ ಮನೆಯವರಿಗೆ ಎಷ್ಟು ದೊಡ್ಡದಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಆದುದರಿಂದಲೇ ಅದಕ್ಕೆ ಊಹೆಯಿಂದ ಉತ್ತರ ಕೊಡಬಾರದು ಎನ್ನುತ್ತೇನೆ.

ಹುದ್ದೆಯಷ್ಟೇ ಮುಖ್ಯವಾದುದು ಇಸವಿ. 1833ರ ಕಾಯಿದೆ ಹತ್ತು ಬಿಷಪ್ ಪೀಠಗಳನ್ನು ಕ್ರಮೇಣ ರದ್ದುಗೊಳಿಸಿ, ಪ್ಯಾರಿಷ್ ಜನರಿಂದ ಚರ್ಚಿಗಾಗಿ ಎತ್ತುತ್ತಿದ್ದ ತೆರಿಗೆಯನ್ನು ತೆಗೆದುಹಾಕಿ, ಆ ಖರ್ಚನ್ನು ಒಂದು ಆಯೋಗಕ್ಕೆ ವಹಿಸಿತು. 1869ರ ಕಾಯಿದೆಯಂತೆ 1871ರ ಜನವರಿ 1ರಿಂದ ಚರ್ಚ್ ಆಫ್ ಐರ್ಲೆಂಡ್ ರಾಜ್ಯದ ಚರ್ಚ್ ಆಗಿ ಉಳಿಯಲಿಲ್ಲ. ಅಲ್ಲಿಂದ ಮುಂದೆ ಅದರ ವೆಸ್ಟ್ರಿಯಲ್ಲಿ ಕುಳಿತವರು ಅದರ ಸದಸ್ಯರೇ. ಲೇಖಕರ ಸೂತ್ರ ವೆಸ್ಟ್ರಿಯ ಮಟ್ಟಿಗೆ ಈ ಕೊನೆಯ ಮೂವತ್ತು ವರ್ಷಗಳಿಗೆ ಹೊಂದುತ್ತದೆ, ಅದಕ್ಕೂ ಹಿಂದಿನ ಎಪ್ಪತ್ತು ವರ್ಷಗಳಿಗೆ ಹೊಂದುವುದಿಲ್ಲ.

ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೆನರಾ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1817ರ ಏಳನೆಯ ರೆಗ್ಯುಲೇಶನ್ನಿನ ಪ್ರಕಾರ ದೇವಸ್ಥಾನಗಳ ದತ್ತಿಯ ಮೇಲ್ವಿಚಾರಣೆ ಕಂದಾಯ ಮಂಡಳಿಯದಾಗಿತ್ತು; ಅದರ ಕೈಕೆಳಗೆ ಆ ಕೆಲಸ ನೋಡಿಕೊಳ್ಳುತ್ತಿದ್ದವರಲ್ಲಿ ಇಂಗ್ಲಿಷ್ ಕಲೆಕ್ಟರರೂ ಇದ್ದರು. ಸರಕಾರವನ್ನು ಕಾನೂನಿನ ಪ್ರಕಾರ ಆ ಹೊಣೆಯಿಂದ ಬಿಡಿಸಿದ್ದು 1863ರ ಧಾರ್ಮಿಕ ದತ್ತಿ ಕಾಯಿದೆ. ದೇವಸ್ಥಾನದ ಲೆಕ್ಕಕ್ಕೆ ಸಂಬಂಧಿಸಿದ ಕಾಗದದಲ್ಲಿ ಕಲೆಕ್ಟರರ ರುಜು ಕಂಡು ಅವರು ಆ ದೇವರ ಭಕ್ತರಾಗಿದ್ದರೆಂದು ಕಾರವಾರದಲ್ಲಿ ಯಾರೂ ಬರೆಯುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಾಬುದಾರರಾಗಿ ಬೇರೆ ಬೇರೆ ಸಮುದಾಯದವರು ತಲೆಮಾರುಗಳಿಂದ ತಮ್ಮ ತಮ್ಮ ಪಾಲಿನ ಸೇವೆ ನಡೆಸಿಕೊಂಡು ಬಂದಿರುವುದನ್ನು ಕಂಡವರಿಗೂ, ಒಂದು ಧಾರ್ಮಿಕ ಸಂಸ್ಥೆಯ ಸುತ್ತ ಎಷ್ಟು ಬಗೆಯ ಜನ ಕೆಲಸ ಮಾಡುತ್ತಾರೆಂಬುದನ್ನು ವಿವರಿಸಿ ಹೇಳಬೇಕಿಲ್ಲ. ಇಲ್ಲಿ ತೋರುವ ಎಚ್ಚರವನ್ನು ಐರ್ಲೆಂಡಿನ ಕಾಗದಗಳಿಗೂ ತೋರಬೇಕಾದುದು ನ್ಯಾಯ.

ಪರಿಶೀಲನೆಗೆ ದಾರಿಯಿದೆ. 1922ರ ಜೂನ್ 30ರಂದು ಡಬ್ಲಿನ್ನಿನ ದಾಖಲೆ ಕಚೇರಿ ಬೆಂಕಿಗೆ ಆಹುತಿಯಾದಾಗ ಚರ್ಚ್ ಆಫ್ ಐರ್ಲೆಂಡಿನ ನೂರಾರು ಪ್ಯಾರಿಷ್‌ಗಳ ಪುಸ್ತಕಗಳು ನಾಶವಾದುದು ನಿಜ. ಆದರೆ 1901 ಮತ್ತು 1911ರ ಜನಗಣತಿಯ ಮನೆವಾರು ಪತ್ರಗಳು ಉಳಿದಿವೆ, ಕಾರವಾರದಲ್ಲಿ ಕುಳಿತೇ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಅವುಗಳಲ್ಲಿ ಪ್ರತಿಯೊಬ್ಬರ ಕಸುಬಿಗೂ ಮತಕ್ಕೂ ಪ್ರತ್ಯೇಕ ಅಂಕಣಗಳಿವೆ. 1901ರಲ್ಲಿ ಅರವತ್ತು ದಾಟಿದ್ದ ಸೆಕ್ಸ್‌ಟನ್ ಹಿಂದಿನ ಶತಮಾನದಲ್ಲೇ ದುಡಿದವನು. 1880ರವರೆಗಿನ ಬಹುಪಾಲು ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳನ್ನೂ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರಜಾಲಕ್ಕೆ ತಂದಿದೆ. ಇವನ್ನು ಹೋಲಿಸುವಾಗ ಎರಡು ಸಂಗತಿಗಳನ್ನು ಮರೆಯಬಾರದು: ಕ್ಯಾಥೊಲಿಕ್ ಪ್ಯಾರಿಷ್‌ನ ಗಡಿಗಳು ಅಧಿಕೃತ ಚರ್ಚಿನ ಪ್ಯಾರಿಷ್‌ನ ಗಡಿಗಳಿಗೆ ಅನೇಕ ಕಡೆ ಹೊಂದುವುದಿಲ್ಲ, ಅಂತರ್‌ಮತೀಯ ಮದುವೆಯಾದ ಮನೆಗಳಲ್ಲಿ ಗಂಡುಮಕ್ಕಳು ತಂದೆಯ ಮತದಲ್ಲೂ ಹೆಣ್ಣುಮಕ್ಕಳು ತಾಯಿಯ ಮತದಲ್ಲೂ ಬೆಳೆಯುವ ರೂಢಿ ಆ ಕಾಲದಲ್ಲಿತ್ತು.

ಲೇಖಕರು ತಾವು ಹೆಸರಿಸಿದ ಪ್ಯಾರಿಷ್ ನೌಕರರು ಯಾವ ಹುದ್ದೆಯಲ್ಲಿ, ಯಾವ ಇಸವಿಯಲ್ಲಿ ಇದ್ದರು, ಅವರ ಮತವನ್ನು ಯಾವ ದಾಖಲೆಯಿಂದ ಕಂಡುಕೊಂಡರು ಎಂಬುದನ್ನು ಮುಂದಿನ ಕಂತಿನಲ್ಲಿ ತಿಳಿಸುವಂತೆ ಮಾಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಕಾರವಾರ