ಇಲ್ಲದ ಹುಡುಗನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಆಗ ಜಾಸ್ತಿ ಮಾತಾಡಲಿಲ್ಲ. ನೀನು ಅಳುತ್ತಿದ್ದೆ, ಅಷ್ಟರಲ್ಲಿ ರೂಮಿಗೆ ಯಾರೋ ಬಂದ ಸದ್ದೂ ಆಯಿತು. ಬರೆದರೆ ಪುರುಸೊತ್ತಿನಲ್ಲಿ ಓದಿಕೊಳ್ಳುತ್ತೀಯ ಅಂತ ಬರೆಯುತ್ತಿದ್ದೇನೆ. ನನಗೆ ಕೋಪ ಇಲ್ಲ. ಅಪ್ಪನಿಗೆ ಹೇಳಿಲ್ಲ, ಹೇಳಬೇಕು ಅನ್ನಿಸಿದರೆ ನೀನೇ ಹೇಳು.

ನಿನಗೊಬ್ಬ ಹುಡುಗ ಇದ್ದಾನೆ ಅಂತ ಗೆಳತಿಯರಿಗೆ ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಉಳಿಸಿಕೊಳ್ಳಲು ನೀನು ಪಟ್ಟ ಪಾಡು ಕೇಳಿ ನನಗೆ ಸಂಕಟವಾಯಿತು. ಹುಡುಗ ಮಂಗಳೂರು ಕಡೆಯವನು, ಮರ್ಚೆಂಟ್ ನೇವಿಯಲ್ಲಿದ್ದಾನೆ, ಹಡಗಿನಲ್ಲಿ ಸಿಗ್ನಲ್ ಸಿಗೋದಿಲ್ಲ, ಅದಕ್ಕೇ ವಿಡಿಯೊ ಕಾಲ್ ಮಾಡೋದಿಲ್ಲ ಅಂತೆಲ್ಲ ಅವರಿಗೆ ಹೇಳಿದ್ದೀಯ. ನಮ್ಮ ಹಳೇ ಫೋನಿಗೆ ಇನ್ನೊಂದು ಸಿಮ್ ಹಾಕಿ, ನಿನಗೆ ನೀನೇ ಗುಡ್ ನೈಟ್ ಕಳಿಸಿಕೊಂಡಿದ್ದೀಯ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ ಅಂತ ಲೆಕ್ಕ ಹಾಕಿ, ರಾತ್ರಿ ಹತ್ತೂವರೆಗೆ 'ಇಲ್ಲಿ ಒಂದು ಗಂಟೆ ಆಯ್ತು, ನಿದ್ದೆ ಬರ್ತಿಲ್ಲ' ಅಂತ ಬರೆದಿದ್ದೀಯ. ಅದನ್ನು ಟೈಪ್ ಮಾಡಲು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ ಅಂದೆಯಲ್ಲ, ಅಲ್ಲಿ ನನ್ನ ಕರುಳು ಚುರುಕ್ ಅಂದಿತು. ಮನೆ ಬಿಟ್ಟು ಅಷ್ಟು ದೂರ ಓದಲು ಹೋದ ಮಗು, ರಾತ್ರಿ ಹೊತ್ತು ಒಬ್ಬಳೇ ನಿಂತು ಇಲ್ಲದವನ ಪರವಾಗಿ ತನಗೆ ತಾನೇ ಪ್ರೀತಿಯ ಮಾತು ಬರೆದುಕೊಳ್ಳುವುದು ಅಂದರೆ!

ಶುರುವಾದದ್ದು ಹೇಗೆ ಅಂತ ನನಗೆ ಅರ್ಥವಾಗುತ್ತದೆ. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗಿದ್ದೀರಿ. ಒಬ್ಬೊಬ್ಬಳೂ ತನ್ನ ತನ್ನ ಹುಡುಗನ ಬಗ್ಗೆ ಹೇಳಿದಳು. ಆಮೇಲೆ ಯಾರೋ 'ನಿಂದು?' ಅಂದರು, ಎಲ್ಲರೂ ನಿನ್ನ ಕಡೆ ತಿರುಗಿದರು. 'ಇದ್ದಾನೆ' ಅಂದುಬಿಟ್ಟೆ.

ಬಿಎಡ್ ಓದುವಾಗ ನಮಗೆ ಸಾಲೊಮನ್ ಆಷ್ ಎಂಬ ಮನೋವಿಜ್ಞಾನಿಯ ಪ್ರಯೋಗವೊಂದು ಪಾಠಕ್ಕಿತ್ತು. 1950ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಮಾಡಿದ್ದು. ಕಾಲೇಜು ಹುಡುಗರನ್ನು ಕೂರಿಸಿ, ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳುತ್ತಿದ್ದರು. ನೋಡಿದ ಕೂಡಲೇ ಯಾರಾದರೂ ಹೇಳಬಹುದು. ಆದರೆ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಬೇಕಂತಲೇ ತಪ್ಪು ಹೇಳಿ ಅಂತ ಮೊದಲೇ ಹೇಳಿಕೊಟ್ಟಿರುತ್ತಿದ್ದರು. ಎಲ್ಲರ ಉತ್ತರ ಕೇಳಿ ಕೊನೆಯಲ್ಲಿ ಬಾಯಿ ಬಿಡುವ ಆ ಒಬ್ಬ ಏನು ಮಾಡುತ್ತಾನೆ? ಹಾಗೆ ಸಿಕ್ಕಿಕೊಂಡ ನಾಲ್ವರಲ್ಲಿ ಸುಮಾರು ಮೂವರು, ಒಂದು ಸಲವಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದರು. ಬರೀ ಗೆರೆಗಳ ವಿಷಯಕ್ಕೇ ಹೀಗೆ. ನಿನ್ನನ್ನು ಕೇಳಿದ್ದು ನಿನ್ನ ಬದುಕಿನ ವಿಷಯ, ಕೇಳಿದವರು ದಿನಾ ಒಟ್ಟಿಗೆ ಊಟ ಮಾಡುವ ಗೆಳತಿಯರು.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದೇ ಮುಖ್ಯ. ಗುಂಪಿನಲ್ಲಿ ಇನ್ನೊಬ್ಬ ಸರಿಯಾದ ಉತ್ತರ ಕೊಟ್ಟರೆ ಸಾಕು, ಹೀಗೆ ತಪ್ಪಿನ ಹಿಂದೆ ಹೋಗುವವರು ತೀರಾ ಕಡಿಮೆಯಾಗುತ್ತಿದ್ದರು. ನಿಮ್ಮ ಗುಂಪಿನಲ್ಲೂ ಹಾಗೆ ಬಾಯಿ ಬಿಡಲು ಕಾಯುತ್ತಿರುವವಳು ಇರಬಹುದು. ಎರಡು ಸಲ ಕಾಫಿ ಕುಡಿದವನನ್ನೇ ಬಾಯ್‌ಫ್ರೆಂಡ್ ಅನ್ನುತ್ತಿರುವವಳೂ ಇರಬಹುದು.

ಹತ್ತೊಂಬತ್ತಕ್ಕೆ ನಿನಗೆ ಯಾರೂ ಇಲ್ಲ ಅಂದರೆ ಏನೂ ತಡವಾಗಿಲ್ಲ. ನಾಳೆ ನಿಜವಾಗಿಯೂ ಒಬ್ಬ ಇಷ್ಟವಾದರೆ ಅದೂ ತಪ್ಪಲ್ಲ, ನನ್ನ ಹತ್ತಿರ ಹೇಳು. ನನ್ನ ಚಿಂತೆ ಬೇರೆ. ನಿನ್ನ ಗೆಳತಿಯರು ದಿನಾ ಅವನ ಬಗ್ಗೆ ಕೇಳುತ್ತಾರೆ, ನಿನ್ನ ಬಗ್ಗೆ ಕೇಳುವುದು ಕಡಿಮೆಯಾಗಿದೆ. ಹೋದ ಸೆಮಿಸ್ಟರ್ ಕೆಮಿಸ್ಟ್ರಿ ಬಾಕಿ ಉಳಿದಾಗ ಮುಖ ಚಿಕ್ಕದು ಮಾಡಿಕೊಂಡಿದ್ದಕ್ಕೆ, 'ಅವನ ನೆನಪಾ?' ಅಂತ ಸಮಾಧಾನ ಮಾಡಿದರು ಅಂದೆ. ನಿನ್ನ ನಿಜವಾದ ದುಃಖಕ್ಕೆ ಜಾಗವೇ ಇಲ್ಲದ ಹಾಗಾಯಿತಲ್ಲ ಪುಟ್ಟಿ.

ಈಗ ಬ್ರೇಕಪ್ ಆಯ್ತು ಅಂತ ಹೇಳಿ ಮುಗಿಸಿಬಿಡಲಾ ಅಂತ ಕೇಳಿದೆ. ಬೇಡ. ಹಡಗಿನಲ್ಲಿ ಏನೋ ಅನಾಹುತ ಆಯ್ತು ಅನ್ನುವ ಯೋಚನೆಯಂತೂ ಬೇಡವೇ ಬೇಡ. ಆ ಹುಡುಗಿಯರು ನಿಜವಾಗಿ ಅಳುತ್ತಾರೆ. ರಾತ್ರಿಯೆಲ್ಲ ನಿನ್ನ ಪಕ್ಕ ಕೂತುಕೊಳ್ಳುತ್ತಾರೆ, ಊಟ ತಂದುಕೊಡುತ್ತಾರೆ. ಇಲ್ಲದವನಿಗಾಗಿ ಅವರ ಕಣ್ಣೀರು ತೆಗೆದುಕೊಂಡ ಮೇಲೆ ನೀನು ಅವರ ಮುಖ ನೋಡುವುದು ಇನ್ನೂ ಕಷ್ಟವಾಗುತ್ತದೆ.

ಮೊದಲು ಚಿತ್ರದುರ್ಗದ ಹುಡುಗಿಗೆ ಹೇಳು. ನಿನಗೆ ಜ್ವರ ಬಂದಾಗ ಆಟೊದಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವಳು ಅವಳು. ಗುಂಪಿನ ಮುಂದೆ ಬೇಡ, ವಾಟ್ಸಾಪಿನಲ್ಲೂ ಬೇಡ. ಇಬ್ಬರೇ ಇದ್ದಾಗ ನೇರವಾಗಿ ಹೇಳು: 'ಅಂಥ ಹುಡುಗ ಯಾರೂ ಇಲ್ಲ ಕಣೇ. ನಿಮ್ಮೆಲ್ಲರ ಮಧ್ಯೆ ನನಗೊಬ್ಬಳಿಗೇ ಯಾರೂ ಇಲ್ಲ ಅನ್ನೋಕೆ ನಾಚಿಕೆ ಆಯ್ತು. ನಿಂಗೆ ಸುಳ್ಳು ಹೇಳಿದ್ದಕ್ಕೆ ಬೇಜಾರಾಗಿದೆ.' ಇಷ್ಟು ಸಾಕು. ಅವಳಿಗೆ ಸಿಟ್ಟು ಬರಬಹುದು, ಬರಲಿ. ಎರಡು ದಿನ ಮಾತು ಬಿಟ್ಟರೂ ಬಿಡಲಿ, ಮೋಸ ಹೋದೆ ಅನ್ನಿಸಲು ಅವಳಿಗೆ ಹಕ್ಕಿದೆ. ನೀನು ಹಿಂದೆ ಬಿದ್ದು ಸಮಜಾಯಿಷಿ ಕೊಡಬೇಡ. ಉಳಿದವರಿಗೆ ಹೇಳುವಾಗ ಅವಳು ಜೊತೆಗಿದ್ದರೆ ನಿನಗೆ ಧೈರ್ಯ ಬರುತ್ತದೆ. ಯಾರಾದರೂ ಆಡಿಕೊಂಡು ನಕ್ಕರೆ ಸ್ವಲ್ಪ ದಿನ ನಗುತ್ತಾರೆ, ಪರೀಕ್ಷೆ ಬಂದರೆ ಎಲ್ಲರಿಗೂ ಬೇರೆ ಕೆಲಸ ಇರುತ್ತದೆ.

ಇವತ್ತೇ ಮಾಡಬೇಕಾದ್ದು ಒಂದಿದೆ. ಇನ್‌ಸ್ಟಾಗ್ರಾಮಿನಿಂದ ತೆಗೆದು ಎಲ್ಲರಿಗೂ ತೋರಿಸಿದೆಯಲ್ಲ, ಆ ಫೋಟೊ ಅಳಿಸು. ಯಾರಿಗಾದರೂ ಕಳಿಸಿದ್ದರೆ ಅವರ ಫೋನಿನಿಂದಲೂ ಅಳಿಸಲು ಹೇಳು. ಆ ಹುಡುಗ ಯಾರೋ, ಅವನಿಗೊಂದು ಮನೆ ಇದೆ, ಪ್ರೀತಿಸುವವಳು ಇರಬಹುದು. ನಮ್ಮ ನಾಚಿಕೆ ಮುಚ್ಚಿಕೊಳ್ಳಲು ಅವನ ಮುಖ ಬಳಸುವುದು ಸರಿಯಲ್ಲ. ನಿನ್ನ ಫೋಟೊವನ್ನು ಯಾವನೋ ಹೀಗೆ ತೋರಿಸಿಕೊಂಡು ತಿರುಗಿದರೆ ನಮಗೆ ಹೇಗಾಗುತ್ತಿತ್ತು ಹೇಳು.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಬೇರೆ. ಬಸ್ಸಿನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಯಾವನಾದರೂ ಬೆನ್ನು ಹತ್ತಿ ನಂಬರ್ ಕೇಳಿದರೆ, 'ನನಗೆ ಹುಡುಗ ಇದ್ದಾನೆ, ಬರ್ತಿದ್ದಾನೆ' ಅಂತ ಧಾರಾಳವಾಗಿ ಹೇಳು. 'ಇಷ್ಟ ಇಲ್ಲ' ಅನ್ನುವ ಒಂದೇ ಮಾತಿಗೆ ಅವನು ಹೋಗಬೇಕಿತ್ತು. ಹೋಗದಿದ್ದರೆ ತಪ್ಪಿಸಿಕೊಳ್ಳಲು ನೀನು ಏನು ಹೇಳಿದರೂ ಪಾಪವಿಲ್ಲ. ಭಯವಾದರೆ 112ಕ್ಕೆ ಫೋನ್ ಮಾಡು. ಮಹಿಳಾ ಸಹಾಯವಾಣಿ 181 ಕೂಡ ಫೋನಿನಲ್ಲಿ ಇಟ್ಟುಕೊಂಡಿರು.

ರಾತ್ರಿ ನಿದ್ದೆ ಬರುತ್ತಿಲ್ಲ ಅಂದಿದ್ದೆ. ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳಲು ಆಗದ್ದು ಇದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗೌರಿ ಹಬ್ಬಕ್ಕೆ ತಾಳಗುಪ್ಪ ರೈಲಿಗೆ ಟಿಕೆಟ್ ಈಗಲೇ ಮಾಡಿಸು ಮಾರಾಯ್ತಿ, ಆಮೇಲೆ ಸಿಗೋದಿಲ್ಲ. ಚಿತ್ರದುರ್ಗದವಳು ಬರುವುದಾದರೆ ಅವಳಿಗೂ ಮಾಡಿಸು, ದುಡ್ಡು ನಾನು ಕಳಿಸುತ್ತೇನೆ. ಹಳೇ ಫೋನನ್ನೂ ತೆಗೆದುಕೊಂಡು ಬಾ, ಅಜ್ಜಿಗೆ ಕೊಡೋಣ.

ನಿನ್ನ
ಅಮ್ಮ